5 ಸೆಕೆಂಡೂ ದಾಖಲೆ, 90 ನಿಮಿಷವೂ ದಾಖಲೆ: ಎಂಎಂಎ ಅಂಕಿಗಳ ಹಿಂದಿನ ಕಥೆ

2019ರ ಜುಲೈ 6, ಲಾಸ್ ವೇಗಸ್. ಪಂದ್ಯ ಶುರುವಾಗುವ ಮುಂಚೆ ಹೋರ್ಹೆ ಮಸ್ವಿದಾಲ್ ಕೈ ಹಿಂದೆ ಕಟ್ಟಿಕೊಂಡು, ಕೇಜಿನ ಜಾಲರಿಗೆ ಒರಗಿ, ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು. ಎದುರಿಗೆ ಬೆನ್ ಆಸ್ಕ್ರೆನ್. 2008ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಕುಸ್ತಿ ಆಡಿದವರು. ಎಂಎಂಎಗೆ, ಅಂದರೆ ಹಲವು ಕಾದಾಟದ ಕಲೆಗಳು ಬೆರೆತ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ಗೆ, ಬಂದ ಮೇಲೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ರೆಫರಿ ಸನ್ನೆ ಮಾಡಿದ್ದೇ ತಡ, ಮಸ್ವಿದಾಲ್ ಓಡಿ ಬಂದು ಹಾರಿದರು. ಅದೇ ಹೊತ್ತಿಗೆ ಆಸ್ಕ್ರೆನ್ ಎದುರಾಳಿಯ ಕಾಲು ಹಿಡಿಯೋಕೆ ಅಂತ ತಲೆ ಬಗ್ಗಿಸಿದ್ದರು. ಮೇಲೇರುತ್ತಿದ್ದ ಮೊಣಕಾಲು, ಕೆಳಗಿಳಿಯುತ್ತಿದ್ದ ತಲೆಗೆ ಬಡಿಯಿತು. ಆಸ್ಕ್ರೆನ್ ನೆಲಕ್ಕೆ ಬೀಳುವ ಮುಂಚೆಯೇ ಎಚ್ಚರ ತಪ್ಪಿದ್ದರು. ಮೇಲೆ ಎರಡು ಗುದ್ದು ಬಿತ್ತು, ರೆಫರಿ ಅಡ್ಡ ಬಂದರು. ಅಧಿಕೃತ ಸಮಯ 5 ಸೆಕೆಂಡ್.

ಎಂಎಂಎ ಪಂದ್ಯ ನಡೆಸುವ ಅಮೆರಿಕದ ದೊಡ್ಡ ಸಂಸ್ಥೆ ಯುಎಫ್‌ಸಿಯ ಇತಿಹಾಸದಲ್ಲೇ ಇದು ಅತಿ ವೇಗದ ನಾಕೌಟ್. ಮೊದಲ ಸಲ ನೋಡಿದಾಗ ಎಲ್ಲರೂ ಅದೃಷ್ಟ ಅಂತಾರೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಪಂದ್ಯಕ್ಕೆ ಮುಂಚೆ ಮಸ್ವಿದಾಲ್ ಒಳಕೋಣೆಯಲ್ಲಿ ಇದೇ ಹಾರುವ ಮೊಣಕಾಲನ್ನು ಅಭ್ಯಾಸ ಮಾಡುತ್ತಿದ್ದ ವಿಡಿಯೋ ಆಮೇಲೆ ಹೊರಬಂತು. ಅವರ ಲೆಕ್ಕ ಸರಳ. ಕುಸ್ತಿಯವನು ಮೊದಲು ಕಾಲಿಗೇ ಕೈ ಹಾಕುತ್ತಾನೆ. ಕಾಲಿಗೆ ಕೈ ಹಾಕಬೇಕಾದರೆ ತಲೆ ತಗ್ಗಲೇಬೇಕು. ತಲೆ ತಗ್ಗುವ ಜಾಗದಲ್ಲಿ ಮೊಣಕಾಲು ಇದ್ದರೆ ಮುಗಿಯಿತು.

ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿ ಕಾಳಗ ನೋಡಿದವರಿಗೆ ಇದು ತೀರಾ ವಿಚಿತ್ರ ಅನ್ನಿಸಲಾರದು. ಅಲ್ಲೂ ತಿಂಗಳುಗಟ್ಟಲೆ ತಯಾರಿ ನಡೆದಿರುತ್ತದೆ, ವಜ್ರಮುಷ್ಟಿ ತಾಗಿ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿದುಹೋಗುತ್ತದೆ. ಪಂದ್ಯ ಎಲ್ಲಿಗೆ ಮುಗಿಯಬೇಕು ಅನ್ನೋದನ್ನು ನಿಯಮ ಹೇಳುತ್ತದೆ. ಎಷ್ಟು ಹೊತ್ತು ನಡೆಯಿತು ಅನ್ನೋ ಅಂಕಿ ಆ ನಿಯಮದಿಂದ ಹುಟ್ಟುತ್ತದೆ. ಎಂಎಂಎಯ ಯಾವುದೇ ದಾಖಲೆ ಓದುವಾಗ ನಾನು ಮೊದಲು ಕೇಳಿಕೊಳ್ಳೋದೇ ಇದನ್ನು: ಆ ದಿನ ನಿಯಮ ಏನಿತ್ತು?

ಹಾಗಾಗಿ ನಿಯಮವನ್ನೇ ಮೊದಲು ನೋಡೋಣ. ಎಂಎಂಎ ಅಂದರೆ ಗುದ್ದು, ಒದೆ, ಮೊಣಕಾಲು, ಮೊಣಕೈ, ಕುಸ್ತಿಯ ಪಟ್ಟು, ಜೊತೆಗೆ ಕತ್ತು ಬಿಗಿಯೋದು, ಕೀಲು ತಿರುಚೋದು, ಎಲ್ಲವೂ ಒಂದೇ ಪಂದ್ಯದಲ್ಲಿ. ಮಾಮೂಲಿ ಪಂದ್ಯ ಅಂದರೆ 5 ನಿಮಿಷದ 3 ಸುತ್ತು. ಚಾಂಪಿಯನ್ ಪಟ್ಟದ ಪಂದ್ಯ ಮತ್ತು ಆ ರಾತ್ರಿಯ ಮುಖ್ಯ ಪಂದ್ಯಕ್ಕೆ 5 ಸುತ್ತು. ಎದುರಾಳಿ ಎಚ್ಚರ ತಪ್ಪಿದರೆ ನಾಕೌಟ್. ಇನ್ನು ಆಗಲ್ಲ ಅಂತ ಕೈ ತಟ್ಟಿದರೆ ಸಬ್ಮಿಷನ್. ಎರಡೂ ಆಗದೇ ಸಮಯ ಮುಗಿದರೆ ಮೂವರು ಜಡ್ಜ್‌ಗಳು ತೀರ್ಪು ಕೊಡುತ್ತಾರೆ. ಕೈಗವಸು ಸುಮಾರು 4 ಔನ್ಸ್, ಅಂದರೆ ಬರೀ 113 ಗ್ರಾಂ. ಬಾಕ್ಸಿಂಗ್‌ನಲ್ಲಿ ಇದು 8 ಅಥವಾ 10 ಔನ್ಸ್. ದಿಂಬಿನಂಥ ಗವಸಿನ ಹಿಂದೆ ಮುಖ ಬಚ್ಚಿಟ್ಟುಕೊಳ್ಳುವ ಬಾಕ್ಸರ್ ಉಪಾಯ ಇಲ್ಲಿ ಅಷ್ಟಾಗಿ ನಡೆಯಲ್ಲ. ಬೆರಳ ಸಂದಿಯಲ್ಲೇ ಗುದ್ದು ನುಗ್ಗಿಬಿಡುತ್ತದೆ.

ಅದಕ್ಕೇ ಇಲ್ಲಿ ದೊಡ್ಡ ದೊಡ್ಡ ಹೆಸರುಗಳೂ ಚಿಟಿಕೆ ಹೊಡೆಯೋದರಲ್ಲಿ ಉರುಳುತ್ತವೆ. ಬ್ರೆಜಿಲ್‌ನ ಜೋಸೆ ಆಲ್ಡೊ ಹತ್ತು ವರ್ಷ ಸೋಲು ಕಂಡಿರಲಿಲ್ಲ. 2015ರ ಡಿಸೆಂಬರ್ 12ರಂದು ಕಾನರ್ ಮೆಕ್‌ಗ್ರೆಗರ್ ಅವರ ಎಡಗೈ ಗುದ್ದು ಆ ಹತ್ತು ವರ್ಷವನ್ನು 13 ಸೆಕೆಂಡಿನಲ್ಲಿ ಮುಗಿಸಿತು. ಪಟ್ಟದ ಪಂದ್ಯಗಳಲ್ಲಿ ಇಷ್ಟು ಬೇಗ ಯಾವುದೂ ಮುಗಿದಿಲ್ಲ.

ಈಗ ಇನ್ನೊಂದು ತುದಿಗೆ ಬನ್ನಿ. 5 ಸುತ್ತಿನ ಪಂದ್ಯ ಅಂದರೆ 25 ನಿಮಿಷ. ಕೊನೆಯ ಸುತ್ತಿನ 4 ನಿಮಿಷ 59ನೇ ಸೆಕೆಂಡಿನಲ್ಲಿ, ಗಂಟೆ ಹೊಡೆಯಲು ಒಂದೇ ಸೆಕೆಂಡ್ ಇದ್ದಾಗ ಪಂದ್ಯ ಮುಗಿಯೋದು ಎಷ್ಟು ಅಪರೂಪ ಇರಬೇಕು ಹೇಳಿ? ಒಂದಲ್ಲ, ಮೂರು ಸಲ ಆಗಿದೆ. 2015ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಡಿಮಿಟ್ರಿಯಸ್ ಜಾನ್ಸನ್, ಜಪಾನಿನ ಕ್ಯೋಜಿ ಹೊರಿಗುಚಿಯ ತೋಳು ಹಿಡಿದು ತಿರುಚಿದರು. 2018ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಯಾಯಿರ್ ರೊಡ್ರಿಗಸ್ ತಲೆ ಬಗ್ಗಿಸಿದವರು ಹಾಗೇ ಕೆಳಗಿನಿಂದ ಮೊಣಕೈ ಎತ್ತಿ ಹೊಡೆದರು. ಮುನ್ನುಗ್ಗಿ ಬರುತ್ತಿದ್ದ ಕೊರಿಯಾದ ಚಾನ್ ಸಂಗ್ ಜಂಗ್ ಮುಖ ಅಡಿಯಾಗಿ ಬಿದ್ದರು.

ಮೂರನೆಯದು 2024ರ ಏಪ್ರಿಲ್ 13ರದು, ಲಾಸ್ ವೇಗಸ್‌ನ ಯುಎಫ್‌ಸಿ 300. ಹವಾಯಿಯ ಮ್ಯಾಕ್ಸ್ ಹಾಲೊವೇ ಮತ್ತು ಜಸ್ಟಿನ್ ಗೇತ್ಜಿ. ಅಂಕದಲ್ಲಿ ಹಾಲೊವೇ ಮುಂದಿದ್ದರು. ಕೊನೆಯ ಹತ್ತು ಸೆಕೆಂಡ್ ಸುಮ್ನೆ ದೂರ ಸರಿದುಕೊಂಡು ಕಳೆದಿದ್ದರೂ ಗೆಲುವು ಅವರದ್ದೇ. ಆದರೆ ಅವರು ಕೇಜಿನ ನಡುವೆ ನಿಂತು ಬೆರಳಿನಿಂದ ನೆಲ ತೋರಿಸಿದರು. ಬಾ, ಇಲ್ಲೇ ನಿಂತು ಹೊಡೆದಾಡೋಣ ಅನ್ನೋ ಕರೆ ಅದು. ಗೇತ್ಜಿ ಬಂದರು. ಇಬ್ಬರೂ ಕಾಲು ಕದಲಿಸದೆ ಬೀಸಿದರು. ಒಂದು ಸೆಕೆಂಡ್ ಉಳಿದಿದ್ದಾಗ ಹಾಲೊವೇ ಬಲಗೈ ತಾಗಿತು, ಗೇತ್ಜಿ ಮುಖ ಕೆಳಗಾಗಿ ನೆಲಕ್ಕೆ ಬಿದ್ದರು. ಕೈಲಿದ್ದ ಗೆಲುವನ್ನು ಪಣಕ್ಕಿಟ್ಟು ಅದೇ ಗೆಲುವನ್ನು ಇನ್ನೂ ದೊಡ್ಡದು ಮಾಡಿಕೊಂಡ ಆಟಗಾರರು ಎಷ್ಟು ಜನ ಸಿಗುತ್ತಾರೆ? ನಾನು ಈ ಹತ್ತು ಸೆಕೆಂಡನ್ನು ಎಷ್ಟು ಸಲ ನೋಡಿದ್ದೇನೋ, ಲೆಕ್ಕವಿಲ್ಲ.

25 ನಿಮಿಷವೇ ದೀರ್ಘ ಅಂತ ಅನ್ನಿಸಿದರೆ, 2000ನೇ ಇಸವಿಯ ಮೇ 1ಕ್ಕೆ ಹೋಗಬೇಕು. ಟೋಕಿಯೋ ಡೋಮ್. ಪ್ರೈಡ್ ಅನ್ನೋ ಜಪಾನಿ ಸಂಸ್ಥೆಯ ಟೂರ್ನಿ. ಒಂದು ಕಡೆ ಬ್ರೆಜಿಲ್‌ನ ರಾಯ್ಸ್ ಗ್ರೇಸಿ. 1993ರಲ್ಲಿ ಡೆನ್ವರ್‌ನಲ್ಲಿ ನಡೆದ ಮೊಟ್ಟಮೊದಲ ಯುಎಫ್‌ಸಿಯಲ್ಲಿ ಒಂದೇ ರಾತ್ರಿ ಮೂವರನ್ನು ಸೋಲಿಸಿ ಗೆದ್ದವರು ಇವರೇ. ಇನ್ನೊಂದು ಕಡೆ ಕಜುಶಿ ಸಕುರಾಬಾ. ಗ್ರೇಸಿ ಮನೆತನದವರು ಕೇಳಿಕೊಂಡಿದ್ದರಿಂದ ಈ ಪಂದ್ಯಕ್ಕೆ ಬೇರೆಯೇ ನಿಯಮ ಬಂತು. ಸುತ್ತುಗಳಿಗೆ ಮಿತಿ ಇಲ್ಲ. ಒಂದೊಂದು ಸುತ್ತು 15 ನಿಮಿಷ. ರೆಫರಿ ನಡುವೆ ನಿಲ್ಲಿಸುವಂತಿಲ್ಲ. ಜಡ್ಜ್‌ಗಳ ತೀರ್ಪೂ ಇಲ್ಲ. ಯಾರಾದರೂ ಸೋಲು ಒಪ್ಪಿಕೊಳ್ಳುವವರೆಗೆ ಆಟ.

ಆರು ಸುತ್ತು ನಡೆಯಿತು. 90 ನಿಮಿಷ. ಸಕುರಾಬಾ ಕಾಲಿಗೆ ಒದ್ದೂ ಒದ್ದೂ ಕೊನೆಗೆ ರಾಯ್ಸ್ ನಿಲ್ಲೋದೇ ಕಷ್ಟವಾಯಿತು. ಅಣ್ಣ ರೋರಿಯನ್ ಟವೆಲ್ ಎಸೆದು ಸೋಲು ಒಪ್ಪಿಕೊಂಡರು. ತಾವೇ ಕೇಳಿ ಪಡೆದ ನಿಯಮದಲ್ಲೇ ಗ್ರೇಸಿ ಸೋತದ್ದು. ಮಸ್ವಿದಾಲ್ ಅವರ 5 ಸೆಕೆಂಡಿನ ಪಂದ್ಯವನ್ನು ಒಂದರ ಹಿಂದೆ ಒಂದು ಜೋಡಿಸಿದರೆ, ಈ ಒಂದು ಪಂದ್ಯದಲ್ಲಿ 1080 ಸಲ ಹಿಡಿಸುತ್ತದೆ.

ಅಷ್ಟಕ್ಕೇ ಮುಗಿದಿದ್ದರೂ ಅದು ಇತಿಹಾಸವೇ. ಆದರೆ ಅದು ಟೂರ್ನಿ ಅಲ್ವಾ? ಗೆದ್ದವರು ಮುಂದಿನ ಸುತ್ತು ಆಡಲೇಬೇಕು. ಅದೇ ರಾತ್ರಿ ಸಕುರಾಬಾ ಮತ್ತೆ ಬಂದರು. ಎದುರಿಗೆ ಉಕ್ರೇನಿನ ಇಗೋರ್ ವೊವ್ಚಾಂಚಿನ್, ತಮಗಿಂತ ದಪ್ಪಗಿನ, ಗುದ್ದಿಗೆ ಹೆಸರಾದ ಆಳು. ಅವರ ಎದುರೂ ಸಕುರಾಬಾ 15 ನಿಮಿಷ ನಿಂತರು. ಇನ್ನೊಂದು ಸುತ್ತು ಆಡಬೇಕು ಅಂದಾಗ ಅವರ ಕಡೆಯವರೇ ಸಾಕು ಅಂದರು. ಒಂದೇ ರಾತ್ರಿ 105 ನಿಮಿಷದ ಕಾದಾಟ. ಇವತ್ತಿನ ನಿಯಮದಲ್ಲಿ ಯಾವ ಪಂದ್ಯವೂ 25 ನಿಮಿಷ ದಾಟುವ ಹಾಗಿಲ್ಲ. ಹಾಗಾಗಿ ಈ ದಾಖಲೆಯ ಹತ್ತಿರಕ್ಕೆ ಬರೋದಕ್ಕೂ ಈಗ ಯಾರಿಗೂ ಅವಕಾಶ ಇಲ್ಲ. ಮುರಿಯಲಾಗದ ದಾಖಲೆ ಅಂತಾರಲ್ಲ, ಇದು ನಿಜವಾದ ಅರ್ಥದಲ್ಲಿ ಹಾಗೆ.

ಯುಎಫ್‌ಸಿಯ ಒಳಗಿನ ದೀರ್ಘ ಪಂದ್ಯವೂ ರಾಯ್ಸ್ ಅವರದ್ದೇ. 1995ರಲ್ಲಿ ಕೆನ್ ಶ್ಯಾಮ್‌ರಾಕ್ ಜೊತೆ 36 ನಿಮಿಷ ಆಡಿ ಡ್ರಾ ಮಾಡಿಕೊಂಡರು. ಡ್ರಾ ಯಾಕೆ? ಆಗ ಜಡ್ಜ್‌ಗಳೇ ಇರಲಿಲ್ಲ!

ಈಗ ಹೊಡೆತಗಳ ಲೆಕ್ಕಕ್ಕೆ ಬರೋಣ. ಇಲ್ಲೂ ಹಾಲೊವೇ ಹೆಸರೇ ಮೇಲೆ. 2021ರ ಜನವರಿ 16ರಂದು ಅಬುಧಾಬಿಯಲ್ಲಿ ಕ್ಯಾಲ್ವಿನ್ ಕೇಟರ್ ಮೇಲೆ ಅವರು 445 ಹೊಡೆತ ತಾಗಿಸಿದರು. 25 ನಿಮಿಷ ಅಂದರೆ 1500 ಸೆಕೆಂಡ್. ಭಾಗಿಸಿ ನೋಡಿ. ಮೂರೂವರೆ ಸೆಕೆಂಡಿಗೂ ಮೊದಲೇ ಒಂದು ಹೊಡೆತ, ಅದೂ ಬೀಸಿದ್ದಲ್ಲ, ತಾಗಿದ್ದು. ಕೊನೆಯ ಸುತ್ತಿನಲ್ಲಂತೂ ಹಾಲೊವೇ ವೀಕ್ಷಕ ವಿವರಣೆಗಾರರ ಕಡೆ ತಿರುಗಿ ಮಾತಾಡುತ್ತಾ, ಕೇಟರ್ ಗುದ್ದುಗಳನ್ನು ತಪ್ಪಿಸಿಕೊಳ್ಳುತ್ತಿದ್ದರು. ಅಷ್ಟು ತಿಂದರೂ ಕೇಟರ್ ಕೊನೆಯವರೆಗೆ ನಿಂತೇ ಇದ್ದರು ಅನ್ನೋದನ್ನು ಮರೆಯಬಾರದು.

ಈ 445 ಅನ್ನೋದು ಎಲ್ಲ ಹೊಡೆತಗಳ ಲೆಕ್ಕ ಅಲ್ಲ. ಇದನ್ನು ಸಿಗ್ನಿಫಿಕೆಂಟ್ ಸ್ಟ್ರೈಕ್ ಅಂತಾರೆ. ತೂಕದ ಹೊಡೆತ ಅನ್ನೋಣ. ಇಬ್ಬರೂ ದೂರ ನಿಂತಿದ್ದಾಗ ತಾಗಿದ ಪ್ರತಿಯೊಂದು ಹೊಡೆತವೂ ಇದರಲ್ಲಿ ಸೇರುತ್ತದೆ, ಅದು ಮೆಲ್ಲಗೆ ತಾಗಿದ್ದರೂ ಸರಿ. ಆದರೆ ಒಬ್ಬರನ್ನೊಬ್ಬರು ತಬ್ಬಿ ಹಿಡಿದಾಗ, ಅಥವಾ ನೆಲದ ಮೇಲೆ ಬಿದ್ದಿದ್ದಾಗ, ಜೋರಾಗಿ ಬಿದ್ದದ್ದು ಮಾತ್ರ ಲೆಕ್ಕಕ್ಕೆ. ಚಿಕ್ಕಪುಟ್ಟ ತಟ್ಟುವಿಕೆ ಬಿಟ್ಟುಬಿಡುತ್ತಾರೆ. ಹಾಗಾಗಿ ದೂರ ನಿಂತು ಆಡುವವರ ಅಂಕಿ ಸಹಜವಾಗಿ ದಪ್ಪಗೆ ಕಾಣುತ್ತದೆ. ನೆಲಕ್ಕೆ ಕೆಡವಿ ಮೇಲೆ ಕೂರುವವರ ಅಂಕಿ ತೆಳ್ಳಗೆ. ಯಾರು ಜಾಸ್ತಿ ಹೊಡೆದರು ಅಂತ ಈ ಒಂದು ಅಂಕಿ ನೋಡಿ ತೀರ್ಮಾನಿಸಿದರೆ ದಾರಿ ತಪ್ಪುತ್ತೇವೆ.

ನೆಲಕ್ಕೆ ಕೆಡವುವುದರಲ್ಲಿ ಹೆಸರು ಖಬೀಬ್ ನುರ್ಮಾಗೊಮೆಡೊವ್ ಅವರದ್ದು. ರಷ್ಯಾದ ದಾಗಿಸ್ತಾನದವರು. 2013ರ ಮೇನಲ್ಲಿ ಏಬಲ್ ಟ್ರುಹಿಯೊ ಅವರನ್ನು 15 ನಿಮಿಷದಲ್ಲಿ 21 ಸಲ ಕೆಡವಿದರು. ಗರಡಿ ಮನೆಯ ಮಟ್ಟಿ ಕಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಒಬ್ಬ ಗಟ್ಟಿ ಆಳನ್ನು ಒಂದು ಸಲ ಎತ್ತಿ ಹಾಕಿದರೇ ಉಸಿರು ಬಾಯಿಗೆ ಬರುತ್ತದೆ. ಇಲ್ಲಿ ಸರಾಸರಿ 43 ಸೆಕೆಂಡಿಗೊಂದು ಸಲ.

2020ರ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಗೇತ್ಜಿಯನ್ನು ಸೋಲಿಸಿ ಖಬೀಬ್ ನಿವೃತ್ತಿ ಹೇಳಿದರು. 29 ಪಂದ್ಯ, 29 ಗೆಲುವು. ಬಾಕ್ಸಿಂಗ್ ನೋಡುವವರು ಇದೇನು ಮಹಾ ಅನ್ನಬಹುದು. ಅಲ್ಲಿ ಫ್ಲಾಯ್ಡ್ ಮೇವೆದರ್ 2017ರ ಹೊತ್ತಿಗೆ 50 ಗೆದ್ದಿದ್ದರು, ಒಂದೂ ಸೋತಿರಲಿಲ್ಲ. ಆದರೆ ಎಂಎಂಎಯಲ್ಲಿ ಸೋಲು ಬರುವ ಬಾಗಿಲುಗಳೇ ಜಾಸ್ತಿ. ಗುದ್ದು ತಪ್ಪಿಸಿಕೊಂಡರೆ ಒದೆ, ಒದೆ ತಪ್ಪಿಸಿಕೊಂಡರೆ ಪಟ್ಟು, ಬಿದ್ದರೆ ಕುತ್ತಿಗೆಗೆ ಕೈ.

ಒಂದು ಚಿಕ್ಕ ಲೆಕ್ಕ ಮಾಡೋಣ. ಒಬ್ಬ ಫೈಟರ್ ಎಷ್ಟು ಒಳ್ಳೆಯವನೆಂದರೆ, ಯಾರ ಎದುರು ನಿಂತರೂ ಗೆಲ್ಲುವ ಸಾಧ್ಯತೆ ನೂರಕ್ಕೆ 90 ಅಂದುಕೊಳ್ಳಿ. ಎರಡು ಪಂದ್ಯ ಸತತವಾಗಿ ಗೆಲ್ಲುವ ಸಾಧ್ಯತೆ ನೂರಕ್ಕೆ 81. ಹೀಗೇ ಗುಣಿಸುತ್ತಾ ಹೋಗಿ. 29ನೇ ಪಂದ್ಯಕ್ಕೆ ಬರುವ ಹೊತ್ತಿಗೆ ಅದು ನೂರಕ್ಕೆ 5ಕ್ಕಿಂತ ಕೆಳಗಿಳಿದಿರುತ್ತದೆ. ಅಂಥ ನೂರು ಜನ ಅಸಾಧ್ಯ ಫೈಟರ್‌ಗಳಿದ್ದರೂ 95 ಜನ ಎಲ್ಲೋ ಒಂದು ಕಡೆ ಎಡವುತ್ತಾರೆ. ಆಂಡರ್ಸನ್ ಸಿಲ್ವಾ ಯುಎಫ್‌ಸಿಯಲ್ಲಿ ಸತತ 16 ಗೆದ್ದರು. 2006ರಿಂದ 2013ರವರೆಗೆ 2457 ದಿನ ಚಾಂಪಿಯನ್ ಆಗಿದ್ದರು. ಅವರ ಎದುರಾಳಿಗಳಲ್ಲಿ ಹೆಚ್ಚಿನವರು ಮೇಲ್ಪಂಕ್ತಿಯವರು. ಒಂದೊಂದು ಪಂದ್ಯಕ್ಕೆ ನೂರಕ್ಕೆ 80 ಅಂತ ಧಾರಾಳವಾಗಿ ಕೊಟ್ಟರೂ, 16 ಸತತ ಗೆಲುವಿನ ಸಾಧ್ಯತೆ ನೂರಕ್ಕೆ 3ರಷ್ಟೂ ಇಲ್ಲ. ಈ ಲೆಕ್ಕ ಮಾಡಿದ ಮೇಲೆ ಸಿಲ್ವಾ ಬಗ್ಗೆ ನನಗಿದ್ದ ಗೌರವ ಇಮ್ಮಡಿಯಾಯಿತು.

ಇನ್ನು, ಸೋಲಿನ ಕಾಲಂನಲ್ಲಿರುವ ಒಂದು ಅಂಕಿಯ ಕಥೆ ಕೇಳಿ. ಜಾನ್ ಜೋನ್ಸ್ 2011ರಲ್ಲಿ, 23ನೇ ವಯಸ್ಸಿಗೆ ಚಾಂಪಿಯನ್ ಆದರು. ಯುಎಫ್‌ಸಿಯ ಅತಿ ಕಿರಿಯ ಚಾಂಪಿಯನ್. ಅವರ ಲೆಕ್ಕದಲ್ಲಿ ಇರೋದು ಒಂದೇ ಒಂದು ಸೋಲು, 2009ರ ಡಿಸೆಂಬರ್‌ನಲ್ಲಿ ಮ್ಯಾಟ್ ಹ್ಯಾಮಿಲ್ ಎದುರು. ವಿಚಿತ್ರ ಏನೆಂದರೆ ಆ ಪಂದ್ಯದಲ್ಲಿ ಪೂರ್ತಿ ಮೇಲುಗೈ ಜೋನ್ಸ್ ಅವರದ್ದೇ. ಕೆಳಗೆ ಬಿದ್ದಿದ್ದ ಹ್ಯಾಮಿಲ್ ಮೇಲೆ ಮೊಣಕೈಯನ್ನು ನೇರ ಮೇಲಿಂದ ಕೆಳಕ್ಕೆ ಇಳಿಸಿದರು. ಗಡಿಯಾರದ 12ರಿಂದ 6ಕ್ಕೆ ಗೆರೆ ಎಳೆದ ಹಾಗೆ. ಆಗಿನ ನಿಯಮದಲ್ಲಿ ಅದು ನಿಷಿದ್ಧ. ಜೋನ್ಸ್ ಅನರ್ಹರಾದರು, ಗೆಲುವು ಹ್ಯಾಮಿಲ್‌ಗೆ ಹೋಯಿತು. 2024ರ ನವೆಂಬರ್‌ನಿಂದ ಆ ನಿಯಮವನ್ನೇ ತೆಗೆದುಹಾಕಿದ್ದಾರೆ. ಈಗ ಅದೇ ಮೊಣಕೈ ಹೊಡೆತ ತಪ್ಪಲ್ಲ. ನಿಯಮ ಹೋಯಿತು, ಸೋಲು ಮಾತ್ರ ಹಾಗೇ ಉಳಿದಿದೆ.

ತೂಕದ ಮಾತಿಲ್ಲದೆ ಎಂಎಂಎ ಮಾತು ಮುಗಿಯಲ್ಲ. ಒಂದು ಪಟ್ಟವನ್ನು ಸತತವಾಗಿ ಅತಿ ಹೆಚ್ಚು ಸಲ ಉಳಿಸಿಕೊಂಡವರು ಆಗ ಹೇಳಿದ ಡಿಮಿಟ್ರಿಯಸ್ ಜಾನ್ಸನ್, 11 ಸಲ. ಅವರದ್ದು ಫ್ಲೈವೇಟ್, ಮಿತಿ ಸುಮಾರು 57 ಕೆಜಿ. ಹನ್ನೊಂದನೆಯದರಲ್ಲಿ ರೇ ಬೋರ್ಗ್ ಅವರನ್ನು ಎತ್ತಿ ಎಸೆದು, ಅವರು ಇನ್ನೂ ಗಾಳಿಯಲ್ಲಿರುವಾಗಲೇ ತೋಳನ್ನು ಸಿಕ್ಕಿಸಿಕೊಂಡರು. ಅದೇ 120 ಕೆಜಿವರೆಗಿನ ಹೆವಿವೇಟ್‌ನಲ್ಲಿ ಈ ದಾಖಲೆ ಎಷ್ಟು? ಸ್ಟೀಪೆ ಮಿಯೋಚಿಚ್ ಅವರ 3. ಯುಎಫ್‌ಸಿ ಶುರುವಾಗಿ ಮೂರು ದಶಕ ಕಳೆದರೂ ಹೆವಿವೇಟ್‌ನಲ್ಲಿ ಸತತ ನಾಲ್ಕನೇ ಸಲ ಪಟ್ಟ ಉಳಿಸಿಕೊಂಡವರಿಲ್ಲ. ಕಾರಣ ಸುಲಭ. 57 ಕೆಜಿಯವರ ಪಂದ್ಯದಲ್ಲಿ ಒಂದು ತಪ್ಪು ಮಾಡಿದರೆ ತಿದ್ದಿಕೊಳ್ಳಬಹುದು, ಒಟ್ಟಾರೆ ಚೆನ್ನಾಗಿ ಆಡಿದವನೇ ಗೆಲ್ಲುತ್ತಾನೆ. 115 ಕೆಜಿಯ ಆಳಿನ ಕೈ ಒಂದು ಸಲ ತಾಗಿದರೆ ತಿದ್ದಿಕೊಳ್ಳೋಕೆ ಸಮಯವೇ ಇರಲ್ಲ. ಯುಎಫ್‌ಸಿಯಲ್ಲಿ ಅತಿ ಹೆಚ್ಚು ನಾಕೌಟ್ ಮಾಡಿದ ಡೆರಿಕ್ ಲೂಯಿಸ್ ಕೂಡ ಹೆವಿವೇಟ್‌ನವರೇ. 2018ರಲ್ಲಿ ಅಲೆಕ್ಸಾಂಡರ್ ವೋಲ್ಕೊವ್ ಎದುರು ಪಂದ್ಯವಿಡೀ ಹಿಂದಿದ್ದು, ಕೊನೆಗೆ 11 ಸೆಕೆಂಡ್ ಉಳಿದಾಗ ಉರುಳಿಸಿ ಗೆದ್ದರು.

ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ಮಾಮೂಲಿ ಪಂದ್ಯಕ್ಕೆ ಒಂದು ಪೌಂಡ್ ಜಾಸ್ತಿ ಇದ್ದರೂ ನಡೆಯುತ್ತದೆ. ಪಟ್ಟದ ಪಂದ್ಯಕ್ಕೆ ಅಷ್ಟೂ ಇಲ್ಲ. 2022ರ ಮೇನಲ್ಲಿ ಲೈಟ್‌ವೇಟ್ ಚಾಂಪಿಯನ್ ಚಾರ್ಲ್ಸ್ ಒಲಿವೇರಾ ತೂಕ ಅರ್ಧ ಪೌಂಡ್ ಹೆಚ್ಚು ಬಂತು. ಸುಮಾರು 227 ಗ್ರಾಂ, ಒಂದು ಲೋಟ ನೀರಿನಷ್ಟು. ಒಂದು ಗಂಟೆ ಹೆಚ್ಚಿನ ಸಮಯ ಕೊಟ್ಟರು. ಇಳಿಯಲಿಲ್ಲ. ಪಟ್ಟ ಹೋಯಿತು. ಮಾರನೇ ದಿನ ಅವರು ಗೇತ್ಜಿಯ ಕುತ್ತಿಗೆ ಬಿಗಿದು ಮೊದಲ ಸುತ್ತಿನಲ್ಲೇ ಗೆದ್ದರು. ಯುಎಫ್‌ಸಿಯಲ್ಲಿ ಅವರ 16ನೇ ಸಬ್ಮಿಷನ್ ಗೆಲುವು. ಅಷ್ಟು ಸಬ್ಮಿಷನ್ ಬೇರೆ ಯಾರೂ ಮಾಡಿರಲಿಲ್ಲ. ಆದರೂ ಬೆಲ್ಟ್ ಅವರ ಸೊಂಟಕ್ಕೆ ಬರಲಿಲ್ಲ. 2024ರ ಪ್ಯಾರಿಸ್‌ನಲ್ಲಿ 100 ಗ್ರಾಂಗಾಗಿ ವಿನೇಶ್ ಫೋಗಟ್ ಒಲಿಂಪಿಕ್ಸ್ ಫೈನಲ್ ಕಳೆದುಕೊಂಡ ದಿನ ನನಗೆ ಥಟ್ಟನೆ ನೆನಪಾದದ್ದು ಒಲಿವೇರಾ. ತಕ್ಕಡಿಗೆ ಯಾರ ಸಾಧನೆಯೂ ಗೊತ್ತಿರಲ್ಲ.

ನಮ್ಮ ದೇಶದ ಕಡೆಯಿಂದ ಒಂದು ಅಂಕಪಟ್ಟಿ ಹೇಳಲೇಬೇಕು. 2024ರ ಜೂನ್ 8, ಅಮೆರಿಕದ ಲೂಯಿವಿಲ್. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಪೂಜಾ ತೋಮರ್, ಬ್ರೆಜಿಲ್‌ನ ರಾಯನ್ ದೋಸ್ ಸಾಂಟೋಸ್ ಎದುರು ಗೆದ್ದರು. ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ. ಮೂವರು ಜಡ್ಜ್‌ಗಳು ಕೊಟ್ಟ ಅಂಕ ನೋಡಿ: ಒಬ್ಬರು ಪೂಜಾಗೆ 30-27. ಇನ್ನೊಬ್ಬರು ಎದುರಾಳಿಗೆ 30-27. ಮೂರನೆಯವರು ಪೂಜಾಗೆ 29-28.

ಒಂದೇ ಪಂದ್ಯ ನೋಡಿದ ಇಬ್ಬರಲ್ಲಿ ಒಬ್ಬರಿಗೆ ಮೂರೂ ಸುತ್ತು ಪೂಜಾ ಗೆದ್ದ ಹಾಗೆ, ಇನ್ನೊಬ್ಬರಿಗೆ ಮೂರೂ ಸೋತ ಹಾಗೆ ಕಂಡಿತು. ಇದು ಹೇಗೆ ಸಾಧ್ಯ? ಅಂಕ ಕೊಡುವ ಪದ್ಧತಿಯಲ್ಲೇ ಉತ್ತರ ಇದೆ. ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಕೂದಲೆಳೆಯ ಅಂತರದಲ್ಲಿ ಗೆದ್ದರೂ 10-9. ಚೆನ್ನಾಗಿಯೇ ಗೆದ್ದರೂ ಬಹುತೇಕ 10-9. ಮೂರು ಸುತ್ತೂ ಸಮಬಲದ್ದಾಗಿದ್ದರೆ ಒಬ್ಬರ ಕಣ್ಣಿಗೆ ಅದು 30-27, ಪಕ್ಕದಲ್ಲಿ ಕೂತವರ ಕಣ್ಣಿಗೆ 27-30. ಪಟ್ಟಿಯಲ್ಲಿ 30-27 ಅಂತ ಕಂಡ ಕೂಡಲೇ ಏಕಪಕ್ಷೀಯ ಪಂದ್ಯ ಅಂದುಕೊಳ್ಳಬೇಡಿ. ಮೂರು ಸಲವೂ ಕೂದಲೆಳೆಯಷ್ಟೇ ಅಂತರ ಇದ್ದಿರಬಹುದು.

ಕೊನೆಯದಾಗಿ ನನಗೆ ಬಹಳ ಇಷ್ಟವಾದ ದಾಖಲೆ. ಇದರಲ್ಲಿ ಬೆಲ್ಟ್ ಇಲ್ಲ. ನ್ಯೂಜೆರ್ಸಿಯ ಜಿಮ್ ಮಿಲ್ಲರ್ ಯಾವತ್ತೂ ಚಾಂಪಿಯನ್ ಆದವರಲ್ಲ. ಆದರೆ 2009ರ ಯುಎಫ್‌ಸಿ 100, 2016ರ ಯುಎಫ್‌ಸಿ 200, 2024ರ ಯುಎಫ್‌ಸಿ 300, ಈ ಮೂರರಲ್ಲೂ ಆಡಿದ ಒಬ್ಬರೇ ಒಬ್ಬರು ಅವರು. ಯುಎಫ್‌ಸಿಯಲ್ಲಿ ಅತಿ ಹೆಚ್ಚು ಪಂದ್ಯ ಆಡಿದವರೂ ಅವರೇ. ನಡುವೆ ಲೈಮ್ ಕಾಯಿಲೆ ಬಂದು ಕೀಲುನೋವು, ಸುಸ್ತಿನಲ್ಲೇ ವರ್ಷಗಳು ಕಳೆದವು. 100ರಲ್ಲಿ ಗೆದ್ದರು, 200ರಲ್ಲಿ ಗೆದ್ದರು. 300ರಲ್ಲಿ, ಹಾಲೊವೇ ನೆಲ ತೋರಿಸಿದ ಅದೇ ರಾತ್ರಿ, ಅದೇ ಕೇಜಿನಲ್ಲಿ, ಬಾಬಿ ಗ್ರೀನ್ ಎದುರು ಸೋತರು. ಏಳು ತಿಂಗಳಾದ ಮೇಲೆ ನ್ಯೂಯಾರ್ಕ್‌ನಲ್ಲಿ ಮತ್ತೆ ಕೇಜಿಗೆ ಇಳಿದರು, ಆಗ ಅವರಿಗೆ 41 ವರ್ಷ. ಡೇಮನ್ ಜಾಕ್ಸನ್ ಕುತ್ತಿಗೆಗೆ ಕೈ ಸುತ್ತಿ ಮೊದಲ ಸುತ್ತಿನಲ್ಲೇ ಕೈ ತಟ್ಟಿಸಿದರು.